ಸ್ಪೈಡರ್‌ಮ್ಯಾನ್ ಕನ್ನಡ ಮಾತಾಡಿದ, ನಾನು ಕೇಳಿಸ್ಕೊಳ್ಳಲಿಲ್ಲ

(1/10)

ಮೊದಲನೇ ಫೋಟೋದಲ್ಲಿರೋದು 2023ರ ಜೂನ್ ತಿಂಗಳ ಒಂದು ಟಿಕೆಟ್‌ನ ಸ್ಕ್ರೀನ್‌ಶಾಟ್. ಸಿನಿಮಾ: ಸ್ಪೈಡರ್‌ಮ್ಯಾನ್, ಅಕ್ರಾಸ್ ದ ಸ್ಪೈಡರ್‌ವರ್ಸ್. ಸೀಟು: ಹಿಂದಿನಿಂದ ಎರಡನೇ ಸಾಲು. ಭಾಷೆ: ಇಂಗ್ಲಿಷ್. ಆ ಕೊನೇ ಪದ ಸ್ವಲ್ಪ ನೆನಪಿಟ್ಕೊಳ್ಳಿ. ಈ ಹತ್ತೂ ಕ್ಯಾಪ್ಷನ್ ಅದರ ಬಗ್ಗೆನೇ.

ಆಗ ನಾವೆಲ್ಲ ಸಿಇಟಿ ಬರೆದು ರಿಸಲ್ಟ್‌ಗೆ ಕಾಯ್ತಿದ್ವಿ. ನಮ್ಮನೆ ಪೀಣ್ಯ ಕಡೆ. ಫ್ರೆಂಡ್ಸ್ ಎಲ್ಲ ವೈಟ್‌ಫೀಲ್ಡ್‌ನಲ್ಲೇ ನೋಡೋಣ ಅಂದ್ರು, ಸ್ಕ್ರೀನ್ ದೊಡ್ಡದು ಅಂತ. ಪೀಣ್ಯದಲ್ಲಿ ಹಸಿರು ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಬಣ್ಣದ್ದಕ್ಕೆ ಬದಲಾಯಿಸಿ, ಬೈಯಪ್ಪನಹಳ್ಳಿಯಲ್ಲಿ ಇಳಿದೆ. ಅಲ್ಲಿಂದ ಕೆ.ಆರ್.ಪುರದವರೆಗೆ ಹಳಿ ಇನ್ನೂ ಓಪನ್ ಆಗಿರ್ಲಿಲ್ಲ. ಮಧ್ಯದ ಆ ಎರಡು ಸ್ಟಾಪಿಗೆ ಬಸ್ಸು, ಆಮೇಲೆ ಮತ್ತೆ ಮೆಟ್ರೋ. ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ, ಒಂದು ಕಾರ್ಟೂನ್‌ಗಾಗಿ. ಅಮ್ಮ ಹಾಗೇ ಅಂದಿದ್ದು: "ಕಾರ್ಟೂನ್‌ಗೆ ಅಷ್ಟು ದೂರನಾ?"

ಆದ್ರೆ ಇದು ಬರೀ ಕಾರ್ಟೂನ್ ಅಲ್ಲ ಅಂತ ನಿಮಗೂ ಗೊತ್ತು. 2018ರ ಮೊದಲನೇ ಭಾಗಕ್ಕೆ ಅತ್ಯುತ್ತಮ ಅನಿಮೇಷನ್ ಚಿತ್ರದ ಆಸ್ಕರ್ ಬಂದಿತ್ತು. ಮೈಲ್ಸ್ ಅನ್ನೋ ಹುಡುಗ, ಸಮಾನಾಂತರ ವಿಶ್ವಗಳು, ಆ ವಿಶ್ವಗಳ ಗೋಡೆ ಒಡೆಯೋ ಯಂತ್ರ. ನನ್ನ ಪ್ರಕಾರ ನಮ್ಮ ಕಾಲದ ಒಳ್ಳೇ ಸೈ-ಫೈ ಸರಣಿಗಳಲ್ಲಿ ಇದೂ ಒಂದು. ಮೊದಲನೇದನ್ನ ನಾನು ಎಷ್ಟು ಸಲ ನೋಡಿದ್ದೀನಿ ಅಂತ ಲೆಕ್ಕ ಇಟ್ಟಿಲ್ಲ. ಎರಡನೇದಕ್ಕೆ ನಾಲ್ಕೂವರೆ ವರ್ಷ ಕಾದಿದ್ದೆ.

ಕಾದು, ಹೋಗಿ, ನೋಡಿ, ಬೇಜಾರಾಗಿ ವಾಪಸ್ ಬಂದೆ. ಯಾಕೆ ಅಂತ ಆಗ ಸರಿಯಾಗಿ ಹೇಳಕ್ಕೆ ಬರ್ತಿರ್ಲಿಲ್ಲ. ಈಗ ಬರುತ್ತೆ ಅನ್ಸುತ್ತೆ. ಕೇಳಿ.

(2/10)

ಮೊದಲು ಸಿನಿಮಾ ಬಗ್ಗೆ ಇರೋ ತಕರಾರು ಮುಗಿಸಿಬಿಡ್ತೀನಿ. ನೋಡದೇ ಇರೋರು ಈ ಭಾಗ ಬಿಟ್ಟು ಮುಂದೆ ಹೋಗಿ, ಕಥೆ ಗೊತ್ತಾಗಿಬಿಡುತ್ತೆ.

140 ನಿಮಿಷದ ಸಿನಿಮಾ. ಚಿತ್ರ ಬಿಡಿಸಿರೋ ರೀತಿಗೆ ಕೈ ಮುಗೀಬೇಕು. ಒಂದೊಂದು ವಿಶ್ವಕ್ಕೂ ಒಂದೊಂದು ಬಣ್ಣ, ಒಂದೊಂದು ಕುಂಚ. ಆದ್ರೆ ಮೈಲ್ಸ್ ತಪ್ಪು ವಿಶ್ವಕ್ಕೆ ಹೋಗಿ ಬಿದ್ದು, ಇನ್ನೇನು ಕಥೆ ಬಿಗಿಯಾಗುತ್ತೆ ಅನ್ನೋ ಹೊತ್ತಿಗೆ ಪರದೆ ಮೇಲೆ "ಮುಂದುವರಿಯುವುದು". ಥಿಯೇಟರ್‌ನಲ್ಲಿ ಒಂದು ಕ್ಷಣ ಯಾರೂ ಏಳಲಿಲ್ಲ, ಇಂಟರ್ವಲ್ ಅನ್ಕೊಂಡ್ರೋ ಏನೋ.

ಎರಡು ಭಾಗದ ಸಿನಿಮಾ ನಮಗೆ ಹೊಸದಲ್ಲ. ಬಾಹುಬಲಿಗೆ 2015ರಿಂದ 2017ರವರೆಗೆ ಕಾದಿದ್ವಿ. ಆದ್ರೆ ಅಲ್ಲಿ ಮೊದಲನೇ ಭಾಗಕ್ಕೆ ತನ್ನದೇ ಒಂದು ಯುದ್ಧ ಇತ್ತು, ಗೆಲುವಿತ್ತು, ಊಟ ಆಗಿತ್ತು. ಪಾಯಸ ಮಾತ್ರ ಬಾಕಿ. ಇಲ್ಲಿ ಎಲೆ ಹಾಕಿ, ಪಲ್ಯ ಬಡಿಸಿ, ಅನ್ನ ತರೋಕೆ ಮುಂಚೆ ಎಬ್ಬಿಸಿಬಿಟ್ರು. ಮೂರನೇ ಭಾಗ 2024ರ ಮಾರ್ಚ್‌ಗೆ ಬರುತ್ತೆ ಅಂದಿದ್ರು. ಅದು ಮುಂದಕ್ಕೆ ಹೋಗಿ ಹೋಗಿ ಈಗ 2027ಕ್ಕೆ ಬಂದು ನಿಂತಿದೆ. ಅಂದ್ರೆ ಅರ್ಧ ಕಥೆಗೆ ನಾಲ್ಕು ವರ್ಷ.

ಇನ್ನೊಂದು. ಇದರಲ್ಲಿ ಇಂಡಿಯಾದ ಸ್ಪೈಡರ್‌ಮ್ಯಾನ್ ಇದ್ದಾನೆ, ಪವಿತ್ರ್ ಪ್ರಭಾಕರ್. 2004ರಲ್ಲಿ ಕಾಮಿಕ್ಸ್‌ನಲ್ಲಿ ಹುಟ್ಟಿದ ಪಾತ್ರ. ಅವನ ಊರು ಮುಂಬಟ್ಟನ್, ಅಂದ್ರೆ ಮುಂಬೈ ಪ್ಲಸ್ ಮ್ಯಾನ್‌ಹಟನ್. ಚಹಾ ಬಗ್ಗೆ ಅವನು ಬೈಯೋ ಜೋಕಿಗೆ ನಾವೂ ಜೋರಾಗಿ ನಕ್ವಿ. ಆದ್ರೆ ಹೊರಗಿನವರು ಇಂಡಿಯಾ ಬಿಡಿಸಿದಾಗೆಲ್ಲ ಅದು ಮುಂಬೈನೇ ಯಾಕೆ ಆಗುತ್ತೆ ಗುರು? ಹೊಸ ಲೋಕ ಕಟ್ಟೋರಿಗೆ ಒಂದ್ಸಲ ಸಿಲ್ಕ್ ಬೋರ್ಡ್ ಸಿಗ್ನಲ್ ತೋರಿಸ್ಬೇಕು. ಸಮಾನಾಂತರ ವಿಶ್ವ ಅಂದ್ರೆ ಏನು ಅಂತ ಅಲ್ಲಿ ನಿಂತವರಿಗೆ ಗೊತ್ತು.

ಇವೆಲ್ಲ ಚಿಕ್ಕ ಬೇಜಾರು. ದೊಡ್ಡದು ಮುಂದಿನ ಫೋಟೋದಲ್ಲಿದೆ.

(3/10)

ಈ ಫೋಟೋದಲ್ಲಿರೋದು ನಮ್ಮಪ್ಪನ ಕೈ. ಮುಖ ಹಾಕ್ಬೇಡ ಅಂದ್ರು, ಅದಕ್ಕೆ ಕೈ. ಪೀಣ್ಯ ಸೆಕೆಂಡ್ ಸ್ಟೇಜ್‌ನ ಒಂದು ವರ್ಕ್‌ಶಾಪ್‌ನಲ್ಲಿ ಮಷೀನ್ ಆಪರೇಟರ್. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಬೆರಳಲ್ಲೇ ಹೇಳ್ತಾರೆ. ಡ್ರಾಯಿಂಗ್ ಓದ್ತಾರೆ. ಇಂಗ್ಲಿಷ್ ಅಕ್ಷರ ಓದ್ತಾರೆ, ಇಂಗ್ಲಿಷ್ ಸಿನಿಮಾ ಅರ್ಥ ಆಗಲ್ಲ.

ಅಪ್ಪಂಗೆ ಸೈ-ಫೈ ಹುಚ್ಚು. ಆ ಪದ ಅವರಿಗೆ ಗೊತ್ತಿಲ್ಲ ಅಷ್ಟೇ. ಭಾನುವಾರ ಮಧ್ಯಾಹ್ನ ಟೀವಿಯಲ್ಲಿ ರೋಬೋ, ಡೈನೋಸಾರ್, ರಾಕೆಟ್ ಏನು ಬಂದ್ರೂ ರಿಮೋಟ್ ಯಾರಿಗೂ ಕೊಡಲ್ಲ. ಪ್ರತಿ ಎರಡು ನಿಮಿಷಕ್ಕೆ ಒಂದ್ಸಲ ನನ್ನ ಕಡೆ ತಿರುಗಿ, "ಏನಂತೆ?" ಅಂತಾರೆ. ನಾನು ಹೇಳ್ಬೇಕು. "ಅವನು ಟೈಮ್ ಮಷೀನ್ ಮಾಡಿದ್ದಾನಪ್ಪ, ಹಿಂದಕ್ಕೆ ಹೋಗ್ಬೇಕಂತೆ." ಹೀಗೆ ಮೂರನೇ ಕ್ಲಾಸಿಂದ ನಾನು ನಮ್ಮನೆಯ ಡಬ್ಬಿಂಗ್ ಆರ್ಟಿಸ್ಟ್. ಸಂಬಳ ಇಲ್ಲ, ಕಡ್ಲೇಕಾಯಿ ಮಾತ್ರ.

ನಾನು ಹೇಳೋದು ಯಾವಾಗ್ಲೂ ಅರ್ಧ. ಜೋಕ್ ಅರ್ಥ ಮಾಡಿಸೋ ಹೊತ್ತಿಗೆ ಮುಂದಿನ ಸೀನ್ ಬಂದಿರುತ್ತೆ. ಎಲ್ರೂ ನಕ್ಕು ಮುಗಿಸಿದ ಮೇಲೆ ಅಪ್ಪ ನಗ್ತಾರೆ. ಕೆಲವು ಸಲ ನಾನು ಸುಮ್ನೆ ನಕ್ಕಿದ್ದಕ್ಕೇ ಅವರೂ ನಕ್ಕಿರ್ತಾರೆ ಅಂತ ನಂಗೆ ಗೊತ್ತು.

ಅಂಥದ್ರಲ್ಲಿ 2023ರಲ್ಲಿ ಸುದ್ದಿ ಬಂತು: ಈ ಸ್ಪೈಡರ್‌ಮ್ಯಾನ್ ಇಂಡಿಯಾದಲ್ಲಿ ಹತ್ತು ಭಾಷೆಯಲ್ಲಿ ರಿಲೀಸ್. ಇಂಗ್ಲಿಷ್, ಹಿಂದಿ, ತಮಿಳು, ತೆಲುಗು, ಮಲಯಾಳಂ, ಗುಜರಾತಿ, ಮರಾಠಿ, ಪಂಜಾಬಿ, ಬಂಗಾಳಿ. ಮತ್ತೆ ಕನ್ನಡ. ಹಿಂದಿ, ಪಂಜಾಬಿಯಲ್ಲಿ ಪವಿತ್ರ್‌ಗೆ ಕ್ರಿಕೆಟರ್ ಶುಭಮನ್ ಗಿಲ್ ದನಿ ಅಂತ ಎಲ್ಲ ಕಡೆ ಸುದ್ದಿಯೋ ಸುದ್ದಿ. ನಂಗೆ ಅದಲ್ಲ, ಆ ಪಟ್ಟಿಯಲ್ಲಿ ಕನ್ನಡ ಇದೆಯಲ್ಲ, ಅದೇ ಸುದ್ದಿ. ಅಪ್ಪಂಗೆ ಹೇಳಿದೆ: "ಈ ಸಲ ನಾನು ಹೇಳೋದು ಬೇಡ. ಅವನೇ ಕನ್ನಡ ಮಾತಾಡ್ತಾನೆ. ಕರ್ಕೊಂಡು ಹೋಗ್ತೀನಿ."

ಎರಡನೇ ಭಾನುವಾರ ಆಪ್ ತೆಗೆದು ಹುಡುಕಿದೆ. ನಮ್ಮ ಕಡೆ ಕನ್ನಡದ್ದು ಒಂದೂ ಶೋ ಸಿಗಲಿಲ್ಲ.

ಅಪ್ಪ ಏನೂ ಅನ್ನಲಿಲ್ಲ. "ಬಿಡು, ಟೀವಿಲಿ ಬಂದಾಗ ನೀನೇ ಹೇಳುವಂತೆ" ಅಂದ್ರು.

(4/10)

ಅವತ್ತು ರಾತ್ರಿ ಸಿಟ್ಟಲ್ಲಿ ಹುಡುಕೋಕೆ ಶುರು ಮಾಡಿದ್ದೇ ಈ ಸರಣಿಗೆ ಮೂಲ. ನನ್ನ ಪ್ರಶ್ನೆ ಒಂದೇ: ಅಪ್ಪಂಗೆ ಐವತ್ತು ವರ್ಷ. ಇಷ್ಟು ವರ್ಷ ಒಂದು ಒಳ್ಳೇ ಸೈ-ಫೈ ಸಿನಿಮಾವನ್ನ ಥಿಯೇಟರ್‌ನಲ್ಲಿ ಕನ್ನಡದಲ್ಲಿ ಯಾಕೆ ನೋಡಕ್ಕಾಗಿಲ್ಲ?

ಉತ್ತರಕ್ಕೆ ತುಂಬ ಹಿಂದೆ ಹೋಗ್ಬೇಕು. ಕನ್ನಡದ ಮೊದಲ ಟಾಕಿ "ಸತಿ ಸುಲೋಚನ" ಬೆಂಗಳೂರಲ್ಲಿ ರಿಲೀಸ್ ಆಗಿದ್ದು 1934ರ ಮಾರ್ಚ್ 3ಕ್ಕೆ. ಆದ್ರೆ ಅದರ ಶೂಟಿಂಗ್ ಆಗಿದ್ದು ಕೊಲ್ಹಾಪುರದಲ್ಲಿ. ಆಮೇಲೂ ಎಷ್ಟೋ ವರ್ಷ ಕನ್ನಡ ಸಿನಿಮಾ ತಯಾರಾಗಿದ್ದು ಮದ್ರಾಸಿನ ಸ್ಟುಡಿಯೋಗಳಲ್ಲಿ. ಕ್ಯಾಮೆರಾ ಅಲ್ಲಿಯದು, ಫ್ಲೋರ್ ಅಲ್ಲಿಯದು. ವರ್ಷಕ್ಕೆ ಬರ್ತಿದ್ದಿದ್ದು ಬೆರಳೆಣಿಕೆ ಚಿತ್ರ. ಬೆಂಗಳೂರಿನ ಥಿಯೇಟರ್‌ಗಳಲ್ಲಿ ತಮಿಳು, ತೆಲುಗು, ಹಿಂದಿಯದೇ ರಾಜ್ಯ.

ಆಗಿನ ಕಲಾವಿದರ ಪರಿಸ್ಥಿತಿ ಎಂಥದ್ದು ಅಂತ ಒಂದೇ ಉದಾಹರಣೆ ಸಾಕು. ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ.ಅಯ್ಯರ್, ಈ ನಾಲ್ಕೂ ಜನ ಸಿನಿಮಾ ಕೆಲಸ ಸಾಲದೆ ಸಂಘ ಕಟ್ಕೊಂಡು, ಊರೂರಲ್ಲಿ ನಾಟಕ ಆಡಿ, ತಾವೇ ನಿರ್ಮಾಪಕರಾಗಿ ಸಿನಿಮಾ ಮಾಡಿದ್ರು. 1960ರ "ರಣಧೀರ ಕಂಠೀರವ" ಅದೇ. ಮುಂದೆ ವರನಟ ಆದವರೇ ಕೆಲಸಕ್ಕಾಗಿ ಪರದಾಡಿದ ಕಾಲ.

ಅಂಥ ಹೊತ್ತಲ್ಲಿ ಬೇರೆ ಭಾಷೆಯ ದೊಡ್ಡ ಬಜೆಟ್ ಚಿತ್ರಗಳು ಕನ್ನಡಕ್ಕೆ ಡಬ್ ಆಗಿ ಬರ್ತಿದ್ವು. ಡಬ್ಬಿಂಗ್‌ಗೆ ಬೇಕಾಗಿದ್ದು ಏನು? ಒಂದು ರೆಕಾರ್ಡಿಂಗ್ ರೂಮು, ಹತ್ತು ಜನರ ದನಿ, ಕೆಲವು ದಿನ. ಹೊಸ ಕನ್ನಡ ಸಿನಿಮಾಗೆ ನಟ, ಲೈಟ್‌ಬಾಯ್, ಬಡಗಿ, ಮೇಕಪ್, ಅಡುಗೆಯವರು ಅಂತ ನೂರಾರು ಜನರ ಅನ್ನ. ಕಡಿಮೆ ದುಡ್ಡಲ್ಲಿ ರೆಡಿಮೇಡ್ ಸಿನಿಮಾ ಸಿಗೋವಾಗ ಕನ್ನಡ ಚಿತ್ರಕ್ಕೆ ದುಡ್ಡು ಹಾಕೋರು ಯಾರು?

ನಾನು ಸಿಟ್ಟಲ್ಲಿ ಹುಡುಕೋಕೆ ಕೂತಿದ್ದೆ. ಇಷ್ಟು ಓದೋ ಹೊತ್ತಿಗೆ ಆ ಕಾಲದವರ ಮೇಲೆ ಸಿಟ್ಟು ಇಳಿದುಹೋಯ್ತು. ಅವರ ಜಾಗದಲ್ಲಿದ್ದಿದ್ರೆ ನಾನೂ ಬೀದಿಗೆ ಇಳೀತಿದ್ದೆ.

(5/10)

1960ರ ದಶಕದಲ್ಲಿ ಅ.ನ.ಕೃ., ಮ.ರಾಮಮೂರ್ತಿ ಅಂಥವರು ಕನ್ನಡ ಚಳವಳಿ ಕಟ್ಟಿದ್ರು. ನಾವು ಹಿಡಿಯೋ ಹಳದಿ-ಕೆಂಪು ಬಾವುಟ ಕೊಟ್ಟಿದ್ದೂ ಅದೇ ರಾಮಮೂರ್ತಿಯವರು. ಆ ಚಳವಳಿಯ ಬೇಡಿಕೆಗಳಲ್ಲಿ ಡಬ್ಬಿಂಗ್ ನಿಲ್ಲಬೇಕು ಅನ್ನೋದೂ ಇತ್ತು. ನಿಂತುಹೋಯ್ತು.

ಇಲ್ಲಿ ಒಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. ಡಬ್ಬಿಂಗ್ ಮಾಡಬಾರದು ಅಂತ ಯಾವತ್ತೂ ಕಾನೂನು ಇರ್ಲಿಲ್ಲ. ವಿಧಾನಸೌಧದಲ್ಲಿ ಪಾಸಾದ ಆಕ್ಟ್ ಅಲ್ಲ, ಕೋರ್ಟ್ ಆರ್ಡರ್ ಅಲ್ಲ. ಇಂಡಸ್ಟ್ರಿಯವರು ಒಳಗೊಳಗೇ ಮಾಡ್ಕೊಂಡ ಕಟ್ಟುಪಾಡು. ಊರ ಮರ್ಯಾದೆ ಥರ. ಯಾರೂ ಬರೆದಿಟ್ಟಿಲ್ಲ, ಎಲ್ರೂ ಪಾಲಿಸ್ತಾರೆ, ಮೀರಿದವನ ಸಿನಿಮಾ ಥಿಯೇಟರ್‌ಗೆ ಬರಲ್ಲ.

ಹಾಗಾದ್ರೆ ಬೇರೆ ಭಾಷೆಯ ಒಳ್ಳೇ ಕಥೆ ಕನ್ನಡಕ್ಕೆ ಬರ್ತಿರ್ಲಿಲ್ವಾ? ಬರ್ತಿತ್ತು, ರೀಮೇಕ್ ಆಗಿ. ಮಲಯಾಳಂನ "ಮಣಿಚಿತ್ರತಾಳ್" 2004ರಲ್ಲಿ ನಮ್ಮ "ಆಪ್ತಮಿತ್ರ" ಆಯ್ತು. ವಿಷ್ಣುವರ್ಧನ್, ಸೌಂದರ್ಯ, ರಮೇಶ್. ನಿಮ್ಮನೇಲೂ ಆ ಸಿನಿಮಾ ಟೀವಿಯಲ್ಲಿ ಬಂದ್ರೆ ಚಾನೆಲ್ ಬದಲಾಯಿಸಲ್ಲ ತಾನೇ? ರೀಮೇಕ್‌ನಿಂದ ನಮ್ಮವರಿಗೆ ಕೆಲಸ ಸಿಕ್ತು, ಕಥೆ ನಮ್ಮ ಮನೆಯದಾಯ್ತು. ಅಲ್ಲಿಗೆ ಲೆಕ್ಕ ಸರಿ.

ಆದ್ರೆ ಒಂದು ಕಡೆ ಲೆಕ್ಕ ತಪ್ಪಿತು. ಅಣ್ಣ-ತಂಗಿ ಕಥೆಯನ್ನ ರೀಮೇಕ್ ಮಾಡಬಹುದು. ದೆವ್ವದ ಕಥೆಯನ್ನೂ ಮಾಡಬಹುದು. ಡೈನೋಸಾರ್‌ನ ಹೇಗೆ ಮಾಡ್ತೀರಾ? "ಜುರಾಸಿಕ್ ಪಾರ್ಕ್" 1994ರಲ್ಲಿ ಹಿಂದಿಯಲ್ಲಿ ಡಬ್ ಆಗಿ ಉತ್ತರ ಭಾರತದ ಸಣ್ಣ ಊರುಗಳಿಗೂ ಹೋಯ್ತು. ಕನ್ನಡಕ್ಕೆ ಡಬ್ ಮಾಡೋ ಹಾಗಿಲ್ಲ, ರೀಮೇಕ್ ಮಾಡೋ ಬಜೆಟ್ ಇಲ್ಲ. ಬಾಹ್ಯಾಕಾಶ ನೌಕೆ, ಅನಿಮೇಷನ್, ಕಾಡುಪ್ರಾಣಿಗಳ ಡಾಕ್ಯುಮೆಂಟರಿ, ಎಲ್ಲಕ್ಕೂ ಇದೇ ಗತಿ.

ಕಟ್ಟುಪಾಡು ಹುಟ್ಟಿದ್ದು ತಮಿಳು, ತೆಲುಗಿನ ಸಾಮಾಜಿಕ, ಪೌರಾಣಿಕ ಚಿತ್ರಗಳನ್ನ ತಡೆಯೋಕೆ. ಯಾರ ಗಮನಕ್ಕೂ ಬರದ ಹಾಗೆ ಅದು ತಡೆದಿದ್ದು ಮಾತ್ರ ನಮ್ಮಪ್ಪನ ರೋಬೋ, ರಾಕೆಟ್‌ಗಳನ್ನೂ.

(6/10)

ಈಗ ಒಂದ್ನಿಮಿಷ ಕಾಲ ಅದೇ ಇರ್ಲಿ, ಜಾಗ ಮಾತ್ರ ನಮ್ಮ ಏರಿಯಾಗೆ ಬನ್ನಿ. ಈ ಫೋಟೋ ಪೀಣ್ಯದ ಒಂದು ಸಾಮಾನ್ಯ ಶೆಡ್ಡಿಂದು. ಶೀಟ್ ಚಾವಣಿ, ಶಟರ್, ಮುಂದೆ ಟೆಂಪೋ. ನಾನು ದಿನಾ ನೋಡೋ ದೃಶ್ಯ.

ಇಂಥದೇ ಶೆಡ್ಡುಗಳಲ್ಲಿ ಭಾರತದ ಮೊದಲ ಉಪಗ್ರಹ ತಯಾರಾಯ್ತು. ತಮಾಷೆ ಅಲ್ಲ. ಆರ್ಯಭಟ. 1970ರ ದಶಕದ ಶುರುವಲ್ಲಿ ಇಸ್ರೋದವರು ಪೀಣ್ಯದ ಇಂಡಸ್ಟ್ರಿಯಲ್ ಶೆಡ್ಡುಗಳನ್ನ ತಗೊಂಡು, ಅಲ್ಲೇ ಲ್ಯಾಬ್ ಮಾಡ್ಕೊಂಡು, ಸುಮಾರು 360 ಕೆಜಿಯ ಉಪಗ್ರಹ ಕಟ್ಟಿದ್ರು. ಮುಂದಾಳು ಯು.ಆರ್.ರಾವ್, ಉಡುಪಿ ಹತ್ತಿರದ ಅದಮಾರಿನವರು. ಜಾಗ ಸಾಲದೆ ಬೆಂಗಳೂರಲ್ಲಿ ಒಂದು ಶೌಚಾಲಯವನ್ನೇ ಡೇಟಾ ಹಿಡಿಯೋ ಕೇಂದ್ರ ಮಾಡ್ಕೊಂಡಿದ್ರಂತೆ. 1975ರ ಏಪ್ರಿಲ್ 19ಕ್ಕೆ ಸೋವಿಯತ್ ಒಕ್ಕೂಟದ ನೆಲದಿಂದ, ಅವರ ರಾಕೆಟ್‌ನಲ್ಲಿ ಮೇಲಕ್ಕೆ ಹೋಯ್ತು. ಕೆಲವೇ ದಿನದಲ್ಲಿ ವಿದ್ಯುತ್ ತೊಂದರೆಯಿಂದ ಅದರ ಪ್ರಯೋಗಗಳು ನಿಂತ್ವು, ಆದ್ರೆ ಉಪಗ್ರಹ ಕಟ್ಟೋಕೆ ನಮಗೆ ಬರುತ್ತೆ ಅಂತ ಗೊತ್ತಾಯ್ತು. ಹಳೇ ಎರಡು ರೂಪಾಯಿ ನೋಟಿನ ಹಿಂದೆ ಇದ್ದಿದ್ದು ಅದೇ. ಮನೇಲಿ ಹಳೇ ನೋಟಿದ್ರೆ ತಿರುಗಿಸಿ ನೋಡಿ.

ಈಗ ಇಸವಿ ಹೋಲಿಸಿ. ಮೊದಲ "ಸ್ಟಾರ್ ವಾರ್ಸ್" ರಿಲೀಸ್ ಆಗಿದ್ದು 1977ರಲ್ಲಿ. ಹಾಲಿವುಡ್‌ನವರು ಪ್ಲಾಸ್ಟಿಕ್ ಮಾಡೆಲ್ ಇಟ್ಕೊಂಡು ನೌಕೆ ಹಾರಿಸೋಕೆ ಎರಡು ವರ್ಷ ಮುಂಚೆನೇ ಪೀಣ್ಯದ ಶೆಡ್ಡಿಂದ ನಿಜವಾದ ಉಪಗ್ರಹ ಹೋಗಿ ಬಾಹ್ಯಾಕಾಶದಲ್ಲಿ ಸುತ್ತುತ್ತಿತ್ತು.

ಹಾಗಂತ ಕನ್ನಡಿಗರಿಗೆ ಈ ಥರದ ಕಥೆ ಒಗ್ಗಲ್ಲ ಅನ್ನೋಕಾಗುತ್ತಾ? ಪುಸ್ತಕದಲ್ಲಿ ರಾಜಶೇಖರ ಭೂಸನೂರಮಠರಂಥವರು ಕನ್ನಡದಲ್ಲೇ ವೈಜ್ಞಾನಿಕ ಕಾದಂಬರಿ ಬರೆದ್ರು. ಪರದೆ ಮೇಲೆ 2002ರ "ಹಾಲಿವುಡ್"ನಲ್ಲಿ ಉಪೇಂದ್ರ ರೋಬೋ ಆದ್ರು. 2024ರ "ಬ್ಲಿಂಕ್" ಟೈಮ್ ಟ್ರಾವೆಲ್ ಮಾಡ್ತು, ಅದೂ ಸಣ್ಣ ಬಜೆಟ್‌ನಲ್ಲಿ. ಆಸೆ ಇತ್ತು, ತಲೆ ಇತ್ತು. ಮಧ್ಯದಲ್ಲಿ ನೋಡಿ ಬೆಳೆಯೋಕೆ ಸಿನಿಮಾ ಇರ್ಲಿಲ್ಲ. ಉಪಗ್ರಹದ ಬೋಲ್ಟ್ ತಿರುಗಿಸಿದ ಏರಿಯಾದ ಮಕ್ಕಳು ಬಾಹ್ಯಾಕಾಶದ ಸಿನಿಮಾ ನೋಡಿದ್ದು ಅರ್ಥ ಆಗದ ಭಾಷೆಯಲ್ಲಿ.

(7/10)

ನಮ್ಮ ಬ್ಯಾಚ್‌ಗೆ ಬರೋಣ. ನೀವು ಹಿಂದಿ ಕಲಿತಿದ್ದು ಎಲ್ಲಿ? ಸ್ಕೂಲ್ ಅಂತ ಸುಳ್ಳು ಹೇಳ್ಬೇಡಿ. ಕಾರ್ಟೂನ್‌ನಲ್ಲಿ. ನಮ್ಮನೆ ಸೆಟ್‌ಟಾಪ್ ಬಾಕ್ಸ್‌ನಲ್ಲಿ ಭಾಷೆ ಬಟನ್ ಒತ್ತಿದ್ರೆ ಹಿಂದಿ, ತಮಿಳು, ತೆಲುಗು ಬರ್ತಿತ್ತು, ಸುತ್ತಿ ಮತ್ತೆ ಹಿಂದಿಗೇ ಬರ್ತಿತ್ತು. ಕನ್ನಡಕ್ಕೆ ಅಂತ ಇದ್ದಿದ್ದು 2009ರಲ್ಲಿ ಶುರುವಾದ ಚಿಂಟು ಟೀವಿ. ಅಲ್ಲಿ ಹೊರಗಿನ ಕಾರ್ಟೂನ್‌ಗಳು ಕನ್ನಡ ಮಾತಾಡ್ತಿದ್ವು. ದೊಡ್ಡವರ ಸಿನಿಮಾಗೆ ಇದ್ದ ತಡೆ ಮಕ್ಕಳ ಚಾನೆಲ್‌ಗೆ ಅಷ್ಟು ಬಿಗಿಯಾಗಿ ಅಂಟಿರ್ಲಿಲ್ಲ.

ಅನಿಮೇಷನ್‌ನಲ್ಲಿ ಒಂದು ವಿಶೇಷ ಇದೆ, ಯೋಚಿಸಿ. ಮನುಷ್ಯರು ನಟಿಸಿದ ಸಿನಿಮಾವನ್ನ ಡಬ್ ಮಾಡಿದ್ರೆ ಒಬ್ಬರ ಬಾಯಿಗೆ ಇನ್ನೊಬ್ಬರ ದನಿ, ಸ್ವಲ್ಪ ಕೃತಕ ಅನ್ಸುತ್ತೆ. ಆದ್ರೆ ಮೈಲ್ಸ್ ಅನ್ನೋ ಹುಡುಗ ಚಿತ್ರ. ಅವನಿಗೆ ಇಂಗ್ಲಿಷ್‌ನಲ್ಲೂ ದನಿ ಕೊಟ್ಟಿದ್ದು ಮೈಕ್ ಮುಂದೆ ನಿಂತ ಇನ್ಯಾರೋ. ಅನಿಮೇಷನ್ ಪಾತ್ರಕ್ಕೆ ಮಾತೃಭಾಷೆ ಅಂತ ಇಲ್ಲ. ಯಾವ ಊರಿನ ಮಗು ನೋಡುತ್ತೋ ಆ ಊರಿನ ಭಾಷೆ ಅದಕ್ಕೆ ಸಲ್ಲುತ್ತೆ.

ದೊಡ್ಡವರ ಜಗಳ ಜೋರಾಗಿದ್ದು 2012ರಲ್ಲಿ. ಆಮಿರ್ ಖಾನ್‌ರ "ಸತ್ಯಮೇವ ಜಯತೆ" ಮೇ 6ಕ್ಕೆ ಶುರುವಾಯ್ತು. ತಮಿಳು, ತೆಲುಗು, ಮಲಯಾಳಂನವರು ಟೀವಿಯಲ್ಲಿ ತಮ್ಮ ಭಾಷೆಯಲ್ಲಿ ನೋಡಿದ್ರು. ಕನ್ನಡ ಚಾನೆಲ್‌ಗಳಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಹೆಣ್ಣು ಭ್ರೂಣಹತ್ಯೆ ಬಗ್ಗೆ ಮಾತಾಡೋ ಕಾರ್ಯಕ್ರಮವೂ ಕನ್ನಡದಲ್ಲಿ ಬರಬಾರದಾ ಅಂತ ಜನ ಕೇಳೋಕೆ ಶುರು ಮಾಡಿದ್ರು.

ಅದೇ ವರ್ಷ ಕನ್ನಡ ಗ್ರಾಹಕರ ಕೂಟದವರು ಭಾರತೀಯ ಸ್ಪರ್ಧಾ ಆಯೋಗದ ಮುಂದೆ ದೂರು ಒಯ್ದರು. ಈ ಕಡೆ 2014ರ ಜನವರಿಯಲ್ಲಿ ಡಬ್ಬಿಂಗ್ ಬೇಡ ಅಂತ ಚಿತ್ರರಂಗ ಬಂದ್ ಮಾಡಿ ಬೀದಿಗಿಳಿಯಿತು. ಗಮನಿಸಿ, ಎರಡೂ ಕಡೆಯವರ ಬಾಯಲ್ಲೂ ಇದ್ದಿದ್ದು ಒಂದೇ ಮಾತು: ಕನ್ನಡ ಉಳೀಬೇಕು. ಒಬ್ಬರಿಗೆ ಕನ್ನಡ ಅಂದ್ರೆ ಕನ್ನಡದ ಕೆಲಸಗಾರ. ಇನ್ನೊಬ್ಬರಿಗೆ ಕನ್ನಡ ಅಂದ್ರೆ ಕನ್ನಡದ ನೋಡುಗ.

(8/10)

2015ರ ಜುಲೈ 27ಕ್ಕೆ ಆಯೋಗದ ಆದೇಶ ಬಂತು. ಡಬ್ ಆದ ಸಿನಿಮಾ, ಕಾರ್ಯಕ್ರಮಗಳನ್ನ ತಡೆಯೋದು ಸ್ಪರ್ಧಾ ಕಾಯ್ದೆಗೆ ವಿರುದ್ಧ ಅಂತ ಹೇಳಿ, ಚಲನಚಿತ್ರ ವಾಣಿಜ್ಯ ಮಂಡಳಿ ಸೇರಿ ಕೆಲವು ಸಂಘಗಳಿಗೆ ದಂಡ ಹಾಕಿತು. ಅಲ್ಲಿಗೆ ಅರ್ಧ ಶತಮಾನದ ಕಟ್ಟುಪಾಡು ಕಾಗದದ ಮೇಲೆ ಮುಗೀತು.

ಕಾಗದದ ಮೇಲೆ ಮಾತ್ರ. 2017ರ ಮಾರ್ಚ್‌ನಲ್ಲಿ ಅಜಿತ್‌ರ ತಮಿಳು ಚಿತ್ರ "ಸತ್ಯದೇವ್ ಐಪಿಎಸ್" ಅಂತ ಕನ್ನಡಕ್ಕೆ ಬಂದಾಗ ಮತ್ತೆ ಪ್ರತಿಭಟನೆ. 2019ರಲ್ಲಿ "ಜಗಮಲ್ಲ" ಬಂತು, ಅಕ್ಟೋಬರ್‌ನಲ್ಲಿ "ಸೈರಾ ನರಸಿಂಹ ರೆಡ್ಡಿ" ಬಂತು. ಆ ಹೊತ್ತಿಗೆ ಗಲಾಟೆ ತಣ್ಣಗಾಗಿತ್ತು.

ಪೂರ್ತಿ ಬದಲಾಗಿದ್ದು 2020ರ ಲಾಕ್‌ಡೌನ್‌ನಲ್ಲಿ. ಹೊಸ ಸೀರಿಯಲ್ ಶೂಟಿಂಗ್ ಇಲ್ಲ. ಟೀವಿಯಲ್ಲಿ ಹಿಂದಿಯ "ಮಹಾಭಾರತ" ಕನ್ನಡದಲ್ಲಿ ಬಂತು. ನಮ್ಮ ಓಣಿಯಲ್ಲಿ ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ರೂ ನೋಡಿದ್ರು. ಕೃಷ್ಣ ಎಷ್ಟು ಚಂದ ಕನ್ನಡ ಮಾತಾಡ್ತಾನೆ ಅಂದ್ರೇ ಹೊರತು, ಇದು ಡಬ್ಬಿಂಗ್ ಅಂತ ನಮ್ಮನೇಲಿ ಯಾರೂ ಗೊಣಗಲಿಲ್ಲ.

ಅಷ್ಟರಲ್ಲಿ ಇನ್ನೊಂದು ತಮಾಷೆ ಆಗಿತ್ತು. 2018ರ ಡಿಸೆಂಬರ್‌ನಲ್ಲಿ "ಕೆಜಿಎಫ್" ಹಿಂದಿ, ತೆಲುಗು, ತಮಿಳು, ಮಲಯಾಳಂಗೆ ಡಬ್ ಆಗಿ ಹೋಯ್ತು. 2022ರಲ್ಲಿ ಎರಡನೇ ಭಾಗ, ಆಮೇಲೆ "ಕಾಂತಾರ". ಯಾವ ಡಬ್ಬಿಂಗ್ ನಮ್ಮನ್ನ ಮುಳುಗಿಸುತ್ತೆ ಅಂತ ಹಿರಿಯರು ಹೆದರಿದ್ರೋ, ಅದೇ ಡಬ್ಬಿಂಗ್ ಮೇಲೆ ಕೂತು ನಮ್ಮ ಸಿನಿಮಾ ದೇಶ ಸುತ್ತಿ ಬಂತು.

ಹಾಲಿವುಡ್‌ನವರಿಗೂ ಕನ್ನಡ ಕಾಣಿಸ್ತು. 2022ರ ಡಿಸೆಂಬರ್ 16ಕ್ಕೆ "ಅವತಾರ್"ನ ಎರಡನೇ ಭಾಗ ಕನ್ನಡದಲ್ಲೂ ಬಂತು. 2023ರ ಜೂನ್ 1ಕ್ಕೆ ನಮ್ಮ ಸ್ಪೈಡರ್‌ಮ್ಯಾನ್.

ಅಂದ್ರೆ ಆ ಹತ್ತು ಭಾಷೆಯ ಪಟ್ಟಿಯಲ್ಲಿದ್ದ "ಕನ್ನಡ" ಅನ್ನೋ ಮೂರಕ್ಷರದ ಹಿಂದೆ 1960ರ ದಶಕದಿಂದ ನಡೆದ ಇಷ್ಟೆಲ್ಲ ಇತ್ತು. ನಂಗೆ ಅವತ್ತು ಅದು ಗೊತ್ತಿರ್ಲಿಲ್ಲ.

(9/10)

ಈಗ ಮೊದಲನೇ ಫೋಟೋಗೆ ವಾಪಸ್ ಹೋಗಿ. ಭಾಷೆ: ಇಂಗ್ಲಿಷ್.

ರಿಲೀಸ್ ಆದ ವಾರ ಕನ್ನಡ ಶೋ ಇತ್ತಾ ಅಂತ ನಾನು ನೋಡಲೇ ಇಲ್ಲ. ಫ್ರೆಂಡ್ಸ್ ಇಂಗ್ಲಿಷ್ ಅಂದ್ರು, ನಾನು ಹೂಂ ಅಂದೆ. ನಿಜ ಹೇಳ್ಬೇಕಂದ್ರೆ, ಕನ್ನಡದಲ್ಲಿ ನೋಡೋಣ ಅನ್ನೋಕೆ ಸ್ವಲ್ಪ ನಾಚಿಕೆನೂ ಆಯ್ತು. "ಡಬ್ಬಿಂಗ್ ಥರ ಇರುತ್ತೆ ಮಗಾ" ಅಂತ ನಗ್ತಾರೆ ಅಂತ. ಅಪ್ಪನ ಜೊತೆ ಆಮೇಲೆ ಹೋದ್ರಾಯ್ತು, ಮೊದಲು ಒಂದ್ಸಲ ಇಂಗ್ಲಿಷ್‌ನಲ್ಲಿ ನೋಡ್ಕೊಂಡು ಬರೋಣ ಅಂದ್ಕೊಂಡೆ. ಆ "ಆಮೇಲೆ" ಬರಲೇ ಇಲ್ಲ.

ಶೋ ಹೇಗೆ ನಿರ್ಧಾರ ಆಗುತ್ತೆ ಅಂತ ನಿಮಗೂ ಗೊತ್ತು. ಮೊದಲ ಮೂರು-ನಾಲ್ಕು ದಿನದ ಟಿಕೆಟ್ ನೋಡ್ತಾರೆ. ಖಾಲಿ ಸೀಟಿದ್ರೆ ಮುಂದಿನ ವಾರ ಆ ಶೋ ಹೋಗುತ್ತೆ. ಕನ್ನಡ ಶೋ ಕಡಿಮೆ ಇರೋದ್ರಿಂದ ನಾವು ಹೋಗಲ್ಲ. ನಾವು ಹೋಗದೇ ಇರೋದ್ರಿಂದ ಇನ್ನೂ ಕಡಿಮೆ ಆಗುತ್ತೆ. ಆಮೇಲೆ "ಬೆಂಗಳೂರಲ್ಲಿ ಕನ್ನಡದಲ್ಲಿ ಯಾರು ನೋಡ್ತಾರೆ" ಅಂತಾರೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆ ಈ ಮಾತು ಕೇಳಿದಾಗೆಲ್ಲ ನಾವು ಜಗಳಕ್ಕೆ ಹೋಗ್ತೀವಿ. ಬುಕ್ ಮಾಡೋವಾಗ ಮಾತ್ರ ಇಂಗ್ಲಿಷ್ ಒತ್ತಿ ಬರ್ತೀವಿ.

ಈ ಸಿನಿಮಾದಲ್ಲಿ "ಕ್ಯಾನನ್ ಈವೆಂಟ್" ಅಂತ ಒಂದು ಮಾತು ಬರುತ್ತೆ, ಆಮೇಲೆ ಮೀಮ್ ಆಗಿ ಎಲ್ಲ ಕಡೆ ಓಡಾಡ್ತು. ಪ್ರತಿ ಸ್ಪೈಡರ್‌ಮ್ಯಾನ್ ಬದುಕಲ್ಲೂ ಕೆಲವು ನೋವು ಆಗಲೇಬೇಕು, ತಡೆಯೋ ಹಾಗಿಲ್ಲ, ತಡೆದ್ರೆ ಆ ಲೋಕವೇ ಕುಸಿಯುತ್ತೆ ಅಂತ ಹಿರಿಯ ಮಿಗೆಲ್ ಹೇಳ್ತಾನೆ. ಮೈಲ್ಸ್ ಒಪ್ಪಲ್ಲ. ಎಲ್ರೂ ಹೇಳ್ತಾರೆ ಅಂತ ಅದು ನಿಜ ಆಗ್ಬೇಕಿಲ್ಲ ಅನ್ನೋ ಹಠ ಅವನದು.

ಕನ್ನಡಕ್ಕೆ ಡಬ್ಬಿಂಗ್ ಬಂದ್ರೆ ಕನ್ನಡ ಚಿತ್ರರಂಗ ಕುಸಿಯುತ್ತೆ ಅನ್ನೋದು ಹಳೇ ಮಾತು. ಕನ್ನಡದಲ್ಲಿ ಸೈ-ಫೈ ಯಾರೂ ನೋಡಲ್ಲ ಅನ್ನೋದು ಹೊಸ ಮಾತು. ಮೊದಲನೇದನ್ನ ಒಂದು ಗ್ರಾಹಕರ ಗುಂಪು ಪ್ರಶ್ನೆ ಮಾಡಿ ಮುರೀತು. ಎರಡನೇದನ್ನ ನಾನು, ಫ್ಯಾನ್ ಅಂತ ಹೇಳ್ಕೊಂಡು ತಿರುಗೋನು, ನನ್ನ ಟಿಕೆಟ್ ಕೊಟ್ಟು ನಿಜ ಮಾಡಿದೆ.

(10/10)

ಹಾಗಾಗಿ ನನ್ನ ಬೇಜಾರಿನ ಲೆಕ್ಕ ಹೀಗಿದೆ. ಕಥೆ ಅರ್ಧಕ್ಕೆ ನಿಲ್ಲಿಸಿದ್ದಕ್ಕೆ ಸಿನಿಮಾ ಮೇಲೆ ಬೇಜಾರು, ಅದು ಇನ್ನೂ ಇದೆ. ಐವತ್ತು ವರ್ಷ ಬಾಗಿಲು ಹಾಕಿದ್ದವರ ಮೇಲೆ ಬೇಜಾರಿತ್ತು. ಅವರು ಹಾಕಿದ್ದು ಯಾಕೆ ಅಂತ ಗೊತ್ತಾದ ಮೇಲೆ ಅರ್ಧ ಆಯ್ತು. ಕಾಲ ಬದಲಾದ ಮೇಲೂ ತೆಗೀಲಿಲ್ಲವಲ್ಲ ಅನ್ನೋ ಇನ್ನರ್ಧ ಉಳೀತು. ಎಲ್ಲಕ್ಕಿಂತ ದೊಡ್ಡದು ನನ್ನ ಮೇಲೇ. ಬಾಗಿಲು ತೆಗೆದ ದಿನ ನಾನು ಪಕ್ಕದ ಗೇಟಿಂದ ಒಳಗೆ ಹೋದೆ.

ಡಬ್ ಆಗಿದ್ದೆಲ್ಲ ಚೆನ್ನಾಗಿರುತ್ತೆ ಅಂತ ನಾನು ಹೇಳ್ತಿಲ್ಲ. ಪಠ್ಯಪುಸ್ತಕದ ಕನ್ನಡ ಮಾತಾಡೋ ಹೀರೋಗಳನ್ನ ನಾನೂ ನೋಡಿ ನಕ್ಕಿದ್ದೀನಿ. ಆದ್ರೆ ಅದು ಸರಿಯಾಗೋದು ಹೇಗೆ? ತಮಿಳು, ತೆಲುಗಿನಲ್ಲಿ ಡಬ್ಬಿಂಗ್ ಬರೆಯೋರು, ದನಿ ಕೊಡೋರು ದಶಕಗಳಿಂದ ಅದನ್ನೇ ಕಸುಬು ಮಾಡ್ಕೊಂಡಿದ್ದಾರೆ. ನಮ್ಮಲ್ಲಿ ಅದು ಮತ್ತೆ ಶುರುವಾಗಿದ್ದೇ ಮೊನ್ನೆ ಮೊನ್ನೆ. ಬೀದಿಯ ಕನ್ನಡ, ಹುಬ್ಬಳ್ಳಿಯ ಕನ್ನಡ, ಮಂಗಳೂರಿನ ಕನ್ನಡ, ಎಲ್ಲ ಗೊತ್ತಿರೋ ಹುಡುಗ ಹುಡುಗೀರು ಅದಕ್ಕೆ ಬೇಕು. ಅಂದ್ರೆ ನೀವು. ಅವತ್ತು ಹಿರಿಯರು ಹೆದರಿದ್ದು ಕೆಲಸ ಹೋಗುತ್ತೆ ಅಂತ. ಇವತ್ತು ಇದೇ ಒಂದು ಕೆಲಸ ಆಗಬಹುದು.

ಮೂರನೇ ಭಾಗ 2027ಕ್ಕೆ. ಕನ್ನಡದಲ್ಲಿ ಬರುತ್ತೋ ಇಲ್ವೋ ಯಾರೂ ಹೇಳಿಲ್ಲ. ಬಂದ್ರೆ, ಮೊದಲನೇ ದಿನ, ಮೊದಲನೇ ಶೋ, ಕನ್ನಡದ್ದು, ಎರಡು ಟಿಕೆಟ್. ಫ್ರೆಂಡ್ಸ್ ಜೊತೆ ಇಂಗ್ಲಿಷ್‌ನಲ್ಲಿ ಆಮೇಲೆ ನೋಡ್ತೀನಿ. ಈ ಸಲ "ಆಮೇಲೆ" ಅವರಿಗೆ.

ನಿನ್ನೆ ರಾತ್ರಿ ಈ ಹತ್ತೂ ಭಾಗ ಅಪ್ಪಂಗೆ ಓದಿ ಹೇಳಿದೆ. ಆರ್ಯಭಟದ ಕಥೆಗೆ ಕಿವಿ ಚುರುಕಾಯ್ತು. "ನಮ್ಮ ಪೀಣ್ಯದಲ್ಲಾ?" ಅಂತ ಎರಡು ಸಲ ಕೇಳಿದ್ರು. ಯಾವ ಶೆಡ್ಡು ಅಂತ ಬೆಳಗ್ಗೆ ಹುಡುಕೋಣ ಅಂದ್ರು. ಕೊನೇಲಿ ನಾನು ಕನ್ನಡ ಶೋ ಮಿಸ್ ಮಾಡಿಸಿದ್ದಕ್ಕೆ ಸಾರಿ ಕೇಳಿದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ನಿದ್ದು, "ನೀನು ಹೇಳೋದೇ ಚೆನ್ನಾಗಿರುತ್ತೆ ಬಿಡೋ" ಅಂದ್ರು. ಆಮೇಲೆ, "ಆದ್ರೂ ಒಂದ್ಸಲ ಎಲ್ರ ಜೊತೆಗೇ ನಗ್ಬೇಕು ಅಂತ ಆಸೆ" ಅಂದ್ರು.

ನಿಮ್ಮನೇಲಿ ನೀವು ಯಾರಿಗೆ ಡಬ್ಬಿಂಗ್ ಆರ್ಟಿಸ್ಟ್? ಅಪ್ಪಂಗಾ, ಅಜ್ಜಿಗಾ? ಮುಂದಿನ ಸಲ ಟಿಕೆಟ್ ಬುಕ್ ಮಾಡೋವಾಗ ಭಾಷೆ ಅನ್ನೋ ಜಾಗದಲ್ಲಿ ಒಂದ್ನಿಮಿಷ ನಿಂತು ಅವರನ್ನ ನೆನೆಸ್ಕೊಳ್ಳಿ.

#ಕನ್ನಡದಲ್ಲಿ_ಸೈಫೈ #ಡಬ್ಬಿಂಗ್_ಕಥೆ #ಪೀಣ್ಯ_ಹುಡುಗ #ನಮ್ಮ_ಆರ್ಯಭಟ #ಸ್ಪೈಡರ್‌ವರ್ಸ್